ಟೆಂಟರ್ ಕೊಕ್ಕೆಗೆ ಸಿಕ್ಕಿಸಿದ ಬಟ್ಟೆ

ಫಲಿತಾಂಶ ಸಂಜೆ ಐದಕ್ಕೆ ಬರುತ್ತದೆಂದು ಗೊತ್ತಾದ ದಿನ ಬೆಳಗಿನಿಂದಲೇ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಕೂತವರಿಗೆ ಗಡಿಯಾರ ಮುಂದಕ್ಕೆ ಹೋಗುವುದಿಲ್ಲ. ಇಂಥ ಹೊತ್ತಿನ ಮನಸ್ಸಿನ ಬಿಗಿತವನ್ನು ಹೇಳಲು ಇಂಗ್ಲಿಷಿನವರ ಬಳಿ ‘ಆನ್ ಟೆಂಟರ್‌ಹುಕ್ಸ್’ ಎಂಬ ಮಾತಿದೆ. ಟೆಂಟರ್ ಕೊಕ್ಕೆಗಳ ಮೇಲೆ ಇದ್ದೇನೆ ಎಂದರ್ಥ. ಮತ ಎಣಿಕೆಯ ದಿನದ ವರದಿಯಲ್ಲಿ, ಕೊನೆಯ ಓವರಿನ ವೀಕ್ಷಕ ವಿವರಣೆಯಲ್ಲಿ ಇದು ಈಗಲೂ ಧಾರಾಳವಾಗಿ ಬಳಕೆಯಲ್ಲಿದೆ. ಆದರೆ ಹಾಗೆನ್ನುವವರಲ್ಲಿ ಟೆಂಟರ್ ಎಂಬ ವಸ್ತುವನ್ನು ಕಣ್ಣಾರೆ ಕಂಡವರು ತೀರಾ ವಿರಳ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳ ಎಷ್ಟೋ ಜನ ಅದನ್ನು ‘ಟೆಂಡರ್‌ಹುಕ್ಸ್’ ಎಂದುಕೊಂಡು ಹಾಗೇ ಬರೆಯುತ್ತಾರೆ. ಇನ್ನು ಕೆಲವರು ಮಾಂಸದಂಗಡಿಯ ಕೊಕ್ಕೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಟೆಂಟರ್ ಕೊಕ್ಕೆಗೂ ಮಾಂಸಕ್ಕೂ ಸಂಬಂಧವಿಲ್ಲ. ಅದು ಒದ್ದೆ ಉಣ್ಣೆ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತಿದ್ದ ಕೊಕ್ಕೆ.

ಇಂಗ್ಲೆಂಡು ಕಲ್ಲಿದ್ದಲು, ಕಬ್ಬಿಣಗಳ ದೇಶವಾಗುವುದಕ್ಕೆ ಎಷ್ಟೋ ಮುಂಚೆ ಉಣ್ಣೆಯ ದೇಶವಾಗಿತ್ತು. ಲಂಡನ್ನಿನ ಲಾರ್ಡ್ಸ್ ಸಭೆಯ ಸ್ಪೀಕರ್ ಇವತ್ತಿಗೂ ಕೂರುವುದು ಉಣ್ಣೆ ತುಂಬಿದ ಕೆಂಪು ದಿಂಡಿನ ಮೇಲೆ. ಆ ಉಣ್ಣೆ ಮೈಮೇಲೆ ಹಾಕುವ ಬಟ್ಟೆಯಾಗಲು ಹತ್ತಾರು ಕೈ ದಾಟಬೇಕಿತ್ತು. ಅವುಗಳಲ್ಲಿ ಎರಡು ಕೈಗಳ ಕೆಲಸವನ್ನು ಇಲ್ಲಿ ನಿಧಾನವಾಗಿ ನೋಡಬೇಕೆಂದಿದ್ದೇನೆ. ಒಂದು, ಬಟ್ಟೆಯನ್ನು ಕುಗ್ಗಿಸಿ ಗಟ್ಟಿ ಮಾಡುವವರದು. ಇನ್ನೊಂದು, ಕುಗ್ಗಿದ ಬಟ್ಟೆಯನ್ನು ಎಳೆದು ಕಟ್ಟಿ ಒಣಗಿಸುವವರದು. ನುಡಿಗಟ್ಟು ಎಳೆತದ ಸಂಕಟವನ್ನು ಮಾತ್ರ ಉಳಿಸಿಕೊಂಡಿದೆ. ಆ ಎಳೆತಕ್ಕೊಂದು ಲೆಕ್ಕವಿತ್ತು, ಅದನ್ನು ಅಂಗೈಯಲ್ಲೇ ಅಳೆಯಬಲ್ಲ ಜನರಿದ್ದರು ಎಂಬುದು ಮರೆತುಹೋಗಿದೆ. ಅವರ ಜಾಣ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ಪೆನೈನ್ ಬೆಟ್ಟಗಳ ಮಗ್ಗುಲಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಊರಿದೆ. ಸುತ್ತ ಕಡಿದಾದ ಗುಡ್ಡಗಳು, ಕೆಳಗೆ ಕಾಲ್ಡರ್ ನದಿಯ ಕಣಿವೆ. ಮಣ್ಣು ಬಡವಾದದ್ದು. ಬೇಸಾಯವೊಂದನ್ನೇ ನೆಚ್ಚಿಕೊಂಡರೆ ಹೊಟ್ಟೆ ತುಂಬದು. ಆದರೆ ಗುಡ್ಡದಿಂದ ಇಳಿಯುವ ನೀರು ಮೆದು, ಉಣ್ಣೆ ತೊಳೆಯಲು ಹೇಳಿ ಮಾಡಿಸಿದಂಥದು. ಹಾಗಾಗಿ ಮನೆಮನೆಯಲ್ಲೂ ರಾಟೆ, ಮಗ್ಗ. ಹೆಂಗಸರು ಮಕ್ಕಳು ಉಣ್ಣೆ ಬಾಚಿ ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು, ನಡುನಡುವೆ ಹಸು, ಓಟ್ಸ್ ಹೊಲ. ಹ್ಯಾಲಿಫ್ಯಾಕ್ಸಿನ ಹತ್ತಿರ ವೀಟ್ಲಿಯಲ್ಲಿದ್ದ ಕಾರ್ನೀಲಿಯಸ್ ಆಶ್‌ವರ್ತ್ ಎಂಬ ರೈತ-ನೇಕಾರನ ದಿನಚರಿ ಉಳಿದುಬಂದಿದೆ. 1782ರ ಅಕ್ಟೋಬರಿನ ಪುಟಗಳಲ್ಲಿ ಅವನ ಬದುಕಿನ ಹದ ಹಾಗೇ ಕಾಣುತ್ತದೆ. ಮಳೆ ಹಿಡಿದ ದಿನ ಎಂಟೂವರೆ, ಒಂಬತ್ತು ಗಜ ನೇಯ್ಗೆ; ನೇಯ್ದ ತಾನನ್ನು ಹೊತ್ತುಕೊಂಡು ಹೋಗಿ ಕೊಟ್ಟುಬಂದ ದಿನ ಅದರ ಅರ್ಧ.

ಮಗ್ಗದಿಂದ ಇಳಿದ ಆ ತಾನು ಇನ್ನೂ ಬಟ್ಟೆಯೆನ್ನಿಸಿಕೊಳ್ಳುತ್ತಿರಲಿಲ್ಲ. ನೂಲುವಾಗ ಎಳೆ ಜಾರಲೆಂದು ಉಣ್ಣೆಗೆ ಎಣ್ಣೆ ಹಚ್ಚಿರುತ್ತಾರೆ, ಹಾಸಿನ ಎಳೆಗಳಿಗೆ ಗಂಜಿ ಬಳಿದಿರುತ್ತಾರೆ, ಜೊತೆಗೆ ಕುರಿಯ ಮೈಯ ಜಿಡ್ಡು ಬೇರೆ. ಎಳೆಗಳ ನಡುವೆ ಬೆಳಕು ತೂರುವಷ್ಟು ಸಂದು. ಆ ಸಂದು ಬೇಕೆಂದೇ ಬಿಟ್ಟದ್ದು. ಬ್ರಾಡ್‌ಕ್ಲಾತ್ ಎಂಬ ದುಬಾರಿ ಬಟ್ಟೆಯನ್ನು ತಯಾರಾದ ಮೇಲಿರಬೇಕಾದ ಅಗಲಕ್ಕಿಂತ ಎಷ್ಟೋ ಹೆಚ್ಚು ಅಗಲವಾಗಿ, ಸಡಿಲವಾಗಿ ನೇಯುತ್ತಿದ್ದರು. ಜಾನ್ ಕೇ 1733ರಲ್ಲಿ ಹಾರುಲಾಳಿಗೆ ಪೇಟೆಂಟ್ ಪಡೆಯುವವರೆಗೆ ಅಷ್ಟು ಅಗಲದ ಮಗ್ಗಕ್ಕೆ ಇಬ್ಬರು ನೇಕಾರರು ಬೇಕಿತ್ತು. ಒಬ್ಬ ಈಚೆಯಿಂದ ಲಾಳಿ ಎಸೆದರೆ ಇನ್ನೊಬ್ಬ ಆಚೆ ಹಿಡಿಯಬೇಕು. ಇಬ್ಬರು ಕೂತು ಅಷ್ಟಗಲ ನೇಯ್ದದ್ದರಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು, ಮುಂದಿನ ಹಂತದಲ್ಲಿ ಕುಗ್ಗಿ ಮಾಯವಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಆ ಕುಗ್ಗುವಿಕೆಯೇ ಬಟ್ಟೆಯ ಬೆಲೆ.

ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಹಿಂಡಿ ಕೆಡಿಸಿಕೊಂಡವರಿಗೆ ಇದರ ಗುಟ್ಟು ಅರ್ಧ ಗೊತ್ತೇ ಇದೆ. ಉಣ್ಣೆಯ ಒಂದೊಂದು ಕೂದಲಿನ ಮೇಲೂ ಮಂಗಳೂರು ಹೆಂಚು ಹೊದಿಸಿದ ಸೂರಿನ ಹಾಗೆ ಒಂದರ ಮೇಲೊಂದು ಚಾಚಿಕೊಂಡ ಸಣ್ಣ ಪದರಗಳಿರುತ್ತವೆ. ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ನೀರು, ಶಾಖ ತಗುಲಿ ಉಜ್ಜಾಟ ಶುರುವಾದರೆ ಕೂದಲು ಒಂದೇ ದಿಕ್ಕಿಗೆ ಜರುಗಬಲ್ಲದು, ಹಿಂದಕ್ಕೆ ಬರಲಾರದು, ಪದರದ ಅಂಚು ತಡೆಯುತ್ತದೆ. ಹೀಗೆ ಲಕ್ಷಾಂತರ ಕೂದಲು ಒಂದರೊಳಗೊಂದು ನುಸುಳಿ ಸಿಕ್ಕುಹಾಕಿಕೊಳ್ಳುತ್ತವೆ. ಎಳೆಗಳ ನಡುವಿನ ಸಂದು ಮುಚ್ಚುತ್ತದೆ, ನೇಯ್ಗೆಯ ಗುರುತೇ ಅಳಿಸಿಹೋಗುತ್ತದೆ. ಸ್ವೆಟರಿಗೆ ಅದು ಕೇಡು. ಮಳೆ ಗಾಳಿ ತಡೆಯಬೇಕಾದ ಕೋಟಿನ ಬಟ್ಟೆಗೆ ಅದೇ ಪ್ರಾಣ. ಬಿಲಿಯರ್ಡ್ಸ್ ಮೇಜಿನ ಮೇಲೆ ಹಾಸಿರುವ ಹಸಿರು ಬಟ್ಟೆಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಅದೂ ಇದೇ ಕುಲದ್ದು. ಎಳೆ ಎಲ್ಲಿದೆ ಎಂದು ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ.

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಫುಲಿಂಗ್ ಎಂದು ಹೆಸರು. ಬಹಳ ಹಿಂದೆ ಇದನ್ನು ಕಾಲಿನಿಂದಲೇ ಮಾಡುತ್ತಿದ್ದರು. ಇಟಲಿಯ ಪೊಂಪೆಯಲ್ಲಿ ಬೂದಿಯಡಿ ಉಳಿದ ಬಟ್ಟೆ ತೊಳೆಯುವವರ ಮಳಿಗೆಗಳಲ್ಲಿ ಆಳುಗಳು ನಿಂತು ತುಳಿಯುತ್ತಿದ್ದ ತೊಟ್ಟಿಗಳನ್ನು ಈಗಲೂ ನೋಡಬಹುದು. ತೊಟ್ಟಿಯಲ್ಲಿದ್ದದ್ದು ಬರೀ ನೀರಲ್ಲ, ಹಳಸಿದ ಮೂತ್ರ. ಮೂತ್ರ ಹಳತಾದಂತೆ ಅದರಲ್ಲಿ ಅಮೋನಿಯ ಹುಟ್ಟುತ್ತದೆ, ಅದು ಜಿಡ್ಡನ್ನು ಕರಗಿಸುತ್ತದೆ. ಯಾರ್ಕ್‌ಷೈರಿನ ಮನೆಗಳಲ್ಲೂ ಇದನ್ನು ಶೇಖರಿಸಿಡುವ ರೂಢಿ ನೂರಾರು ವರ್ಷ ನಡೆದುಬಂತು. ಮೂಗು ಮುಚ್ಚಿಕೊಳ್ಳುವ ಸಂಗತಿ ನಿಜ. ಆದರೆ ಸೋಪು ದುಬಾರಿಯಾಗಿದ್ದ ಕಾಲದಲ್ಲಿ ಕಾಸು ಖರ್ಚಿಲ್ಲದೆ ಸಿಗುವ ಒಂದು ದ್ರವ್ಯದ ಗುಣವನ್ನು ರಸಾಯನಶಾಸ್ತ್ರದ ಹೆಸರೂ ಕೇಳದ ಜನ ಕಂಡುಕೊಂಡು, ಅದನ್ನು ಪಕ್ವ ಮಾಡಿ ಬಳಸಿದರು ಎಂಬುದಕ್ಕೆ ನಾನಂತೂ ತಲೆಬಾಗುತ್ತೇನೆ. ಅದರ ನಂತರ ಜಿಡ್ಡು ಹೀರಲು ಒಂದು ಬಗೆಯ ನುಣುಪು ಜೇಡಿಮಣ್ಣು. ಅದು ನಮಗೆ ಹೊಸದೇನಲ್ಲ. ಮುಖಕ್ಕೆ ಹಚ್ಚಲು ಅಂಗಡಿಯಲ್ಲಿ ಕೊಳ್ಳುವ ಮುಲ್ತಾನಿ ಮಿಟ್ಟಿ ಅದೇ. ಇಂಗ್ಲೆಂಡಿನಲ್ಲಿ ಸರ‍್ರೆಯ ನಟ್‌ಫೀಲ್ಡ್ ಮುಂತಾದ ಕಡೆ ಅದನ್ನು ಅಗೆಯುತ್ತಿದ್ದರು. ಹೊರದೇಶದ ನೇಕಾರರ ಕೈಗೆ ಸಿಗಬಾರದೆಂದು 17ನೇ ಶತಮಾನದಲ್ಲಿ ಆ ಮಣ್ಣಿನ ರಫ್ತನ್ನೇ ನಿಷೇಧಿಸಿದ್ದರು.

ಕಾಲಿನ ಕೆಲಸವನ್ನು ನೀರಿಗೆ ಒಪ್ಪಿಸಿದ್ದು 12ನೇ ಶತಮಾನದ ಹೊತ್ತಿಗೆ. ಟೆಂಪ್ಲರ್ ಎಂಬ ಧಾರ್ಮಿಕ ಯೋಧರ ಪಂಗಡ 1185ರಲ್ಲಿ ತಮ್ಮ ಆಸ್ತಿಯ ಲೆಕ್ಕ ಬರೆಸಿದಾಗ ಅದರಲ್ಲಿ ಯಾರ್ಕ್‌ಷೈರಿನ ಒಂದು ಫುಲಿಂಗ್ ಮಿಲ್ಲಿನ ಹೆಸರೂ ಬಂತು. ಹೊಳೆಯ ನೀರು ಚಕ್ರ ತಿರುಗಿಸುತ್ತದೆ. ಚಕ್ರದ ಅಚ್ಚಿನ ಮೇಲಿನ ಹಲ್ಲುಗಳು ಎರಡು ಭಾರಿ ಮರದ ಕೊಡತಿಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಬಿಡುತ್ತವೆ. ಕೊಡತಿಗಳು ತೊಟ್ಟಿಯಲ್ಲಿ ಮುದುರಿಟ್ಟ ಒದ್ದೆ ಬಟ್ಟೆಯ ಮೇಲೆ ಬೀಳುತ್ತವೆ. ಇದರಲ್ಲಿ ನನ್ನನ್ನು ಬೆರಗುಗೊಳಿಸುವುದು ತೊಟ್ಟಿಯ ಒಳಮೈ. ಅದರ ಒಂದು ಬದಿಯನ್ನು ಬಾಗಿಸಿ ಕೆತ್ತಿರುತ್ತಾರೆ. ಕೊಡತಿ ಪ್ರತಿ ಸಲ ತಳ್ಳಿದಾಗಲೂ ಬಟ್ಟೆಯ ಮುದ್ದೆ ಆ ಬಾಗನ್ನು ಹತ್ತಿ, ಮಗುಚಿ, ತಾನಾಗಿಯೇ ಮಗ್ಗುಲು ಬದಲಿಸುತ್ತದೆ. ಯಾರೂ ಕೈಹಾಕಿ ತಿರುವಬೇಕಿಲ್ಲ. ಇಂಥ ಕೊಡತಿಗಳು ಲ್ಯಾಂಕಷೈರಿನ ಹೆಲ್ಮ್‌ಶೋರ್‌ನಲ್ಲಿ, ಟರ್ನರ್ ಮನೆತನದವರು 1789ರಲ್ಲಿ ಕಟ್ಟಿಸಿದ ಮಿಲ್ಲಿನಲ್ಲಿ ನೀರಿನ ಚಕ್ರದ ಸಮೇತ ಉಳಿದಿವೆ.

ಬಡಿಯುವುದು ಯಂತ್ರ, ಸರಿ. ಸಾಕೆಂದು ಹೇಳಬೇಕಾದವನು ಮನುಷ್ಯ. ಹಲವು ಗಂಟೆ, ದಪ್ಪ ಬಟ್ಟೆಯಾದರೆ ದಿನಗಟ್ಟಲೆ ನಡೆಯುವ ಈ ಬಡಿತದಲ್ಲಿ ಫುಲ್ಲರ್ ಮತ್ತೆ ಮತ್ತೆ ಬಟ್ಟೆಯನ್ನು ಹೊರಗೆಳೆದು, ಬಿಡಿಸಿ, ಅಗಲ ನೋಡಿ, ಮಡಿಕೆಗಳನ್ನು ಸರಿಪಡಿಸಿ ಮತ್ತೆ ಒಳಗೆ ಹಾಕಬೇಕು. ಬಿಡಿಸದೆ ಬಿಟ್ಟರೆ ಮಡಿಕೆಗಳೇ ಒಂದಕ್ಕೊಂದು ಹತ್ತಿಕೊಂಡು ಬೆಸೆದುಹೋಗುತ್ತವೆ. ಬೇಗ ತೆಗೆದರೆ ಬಟ್ಟೆ ಸಡಿಲ, ತಡವಾದರೆ ಹಲಗೆಯಂತೆ ಬಿರುಸು. ಕುಗ್ಗಿದ್ದನ್ನು ಮತ್ತೆ ಹಿಂದಕ್ಕೆ ತರುವ ಉಪಾಯವಿಲ್ಲ. ಎಷ್ಟೋ ವಾರಗಳ ನೂಲುವಿಕೆ, ನೇಯ್ಗೆ ಎಲ್ಲ ಅವನ ಒಂದು ತೀರ್ಮಾನದ ಮೇಲೆ ನಿಂತಿರುತ್ತದೆ. ಈ ಕಸುಬು ಎಷ್ಟು ಊರೂರಿಗೂ ಹಬ್ಬಿತ್ತೆಂದರೆ ಇಂಗ್ಲಿಷರ ಮನೆತನದ ಹೆಸರುಗಳಲ್ಲಿ ಮೂರು ಇದರಿಂದಲೇ ಬಂದವು. ಆಗ್ನೇಯದ ಕಡೆ ಫುಲ್ಲರ್, ನೈರುತ್ಯದಲ್ಲಿ ಟಕ್ಕರ್, ಉತ್ತರದಲ್ಲಿ ವಾಕರ್. ವಾಕರ್ ಎಂದರೆ ಬಟ್ಟೆಯ ಮೇಲೆ ನಡೆದವನು. ಸ್ಕಾಟ್ಲೆಂಡಿನ ಹೆಬ್ರಿಡಿಸ್ ದ್ವೀಪಗಳಲ್ಲಿ ಮಿಲ್ಲಿಗೆ ಬದಲಾಗಿ ಹೆಂಗಸರು ಉದ್ದ ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ಹಾಡಿನ ಲಯಕ್ಕೆ ಹಲಗೆಗೆ ಬಡಿಯುತ್ತ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಹಾಡುಗಳದ್ದೇ ಒಂದು ದೊಡ್ಡ ಪರಂಪರೆ.

ಈಗ ಬಟ್ಟೆ ಮಿಲ್ಲಿನಿಂದ ಹೊರಬಂದಿದೆ. ಒದ್ದೆ, ಭಾರ, ಸುಕ್ಕು. ಒಂದು ಕಡೆ ಹೆಚ್ಚು ಕುಗ್ಗಿ ಇನ್ನೊಂದು ಕಡೆ ಕಡಿಮೆ ಕುಗ್ಗಿ ಅಂಚು ಹಾವಿನಂತೆ ಡೊಂಕಾಗಿದೆ. ಉಣ್ಣೆಗೆ ಒಂದು ಸ್ವಭಾವವಿದೆ. ಒದ್ದೆಯಾದಾಗ ಹೇಳಿದಂತೆ ಕೇಳುತ್ತದೆ, ಒಣಗುವಾಗ ಯಾವ ಆಕಾರದಲ್ಲಿತ್ತೋ ಅದನ್ನೇ ಹಿಡಿದುಕೊಳ್ಳುತ್ತದೆ. ಹಗ್ಗದ ಮೇಲೆ ಹರವಿ ಒಣಗಿಸಿದರೆ ಡೊಂಕು ಡೊಂಕಾಗಿಯೇ, ಸುಕ್ಕು ಸುಕ್ಕಾಗಿಯೇ ನಿಂತುಬಿಡುತ್ತದೆ. ಆಮೇಲೆ ದರ್ಜಿಯ ಕತ್ತರಿ ಅದರಲ್ಲಿ ನೇರವಾಗಿ ಓಡದು. ಆದ್ದರಿಂದ ಒಣಗುವ ಅಷ್ಟೂ ಹೊತ್ತು ಬಟ್ಟೆಯನ್ನು ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಹಿಡಿದು ನಿಲ್ಲಿಸುವ ಚೌಕಟ್ಟೊಂದು ಬೇಕು. ಅದೇ ಟೆಂಟರ್. ಲ್ಯಾಟಿನ್ನಿನಲ್ಲಿ ಎಳೆದು ಹಿಡಿಯುವುದು ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಬಟ್ಟೆಯ ಡೇರೆಗೆ ಇಂಗ್ಲಿಷಿನವರು ಹೇಳುವ ಟೆಂಟ್ ಕೂಡ ಅದೇ ಬಳಗದ್ದು.

ಟೆಂಟರ್ ನೋಡಲು ಒಂದು ಉದ್ದನೆಯ ಬೇಲಿ. ನೆಲದಲ್ಲಿ ಹೂತ ಗೂಟಗಳ ಸಾಲು. ಅವುಗಳ ತಲೆಯ ಮೇಲೆ ಅಲುಗದಂತೆ ಬಿಗಿದ ಮರದ ಪಟ್ಟಿ. ಕೆಳಗೆ ಇನ್ನೊಂದು ಪಟ್ಟಿ. ಇದು ಗೂಟದ ಸೀಳಿನಲ್ಲಿ ಮೇಲೆ ಕೆಳಗೆ ಸರಿಯುತ್ತದೆ, ಬೇಕಾದ ಎತ್ತರದಲ್ಲಿ ಬೆಣೆ ಹೊಡೆದು ನಿಲ್ಲಿಸಬಹುದು. ಎರಡೂ ಪಟ್ಟಿಗಳ ಉದ್ದಕ್ಕೂ ಎರಡು ಮೂರು ಅಂಗುಲಕ್ಕೊಂದರಂತೆ ಕೊಕ್ಕೆಗಳು. ಕೊಕ್ಕೆಯೆಂದರೆ ದೊಡ್ಡ ಮೊಳೆ, ಅಷ್ಟೆ. ನಡುವೆ ಲಂಬಕೋನಕ್ಕೆ ಬಾಗಿಸಿ ಎರಡೂ ತುದಿ ಚೂಪು ಮಾಡಿರುತ್ತಾರೆ. ಒಂದು ತುದಿ ಮರದೊಳಗೆ ಹೋಗುತ್ತದೆ, ಇನ್ನೊಂದು ಬಟ್ಟೆಗೆ. ಮೇಲಿನ ಪಟ್ಟಿಯಲ್ಲಿ ಚೂಪು ಮೇಲ್ಮುಖ, ಕೆಳಗಿನದರಲ್ಲಿ ಕೆಳಮುಖ. ಎಳೆದಷ್ಟೂ ಬಟ್ಟೆ ಕೊಕ್ಕೆಯ ಬುಡಕ್ಕೆ ಇಳಿದು ಕೂರುತ್ತದೆ, ಕಳಚಿ ಬೀಳುವ ಮಾತಿಲ್ಲ. ಮೂರು ಅಂಗುಲಕ್ಕೊಂದು ಎಂದು ಲೆಕ್ಕ ಹಿಡಿದರೂ 20 ಗಜದ ತಾನಿಗೆ ಒಂದು ಅಂಚಿಗೆ 240, ಎರಡೂ ಅಂಚಿಗೆ 480 ಕೊಕ್ಕೆ. ಒಂದೊಂದನ್ನೂ ಬೆರಳಿನಿಂದ ಒತ್ತಿ ಸಿಕ್ಕಿಸಬೇಕು, ಒಣಗಿದ ಮೇಲೆ ಒಂದೊಂದನ್ನೂ ಬಿಡಿಸಬೇಕು. ಯಾರ್ಕ್‌ಷೈರಿನ ತಣ್ಣನೆಯ ಗಾಳಿಗೆ ಮರಗಟ್ಟಿದ ಬೆರಳು, ಚೂಪು ಕಬ್ಬಿಣ, ತೊಟ್ಟಿಕ್ಕುವ ಉಣ್ಣೆ.

ಕೊಕ್ಕೆ ಚುಚ್ಚಿದ ಜಾಗ ಹರಿಯುವುದಿಲ್ಲವೇ? ಅದರ ಏರ್ಪಾಡು ನೇಕಾರನೇ ಮಾಡಿಟ್ಟಿರುತ್ತಿದ್ದ. ಬ್ರಾಡ್‌ಕ್ಲಾತಿನ ಎರಡೂ ಬದಿಗೆ ಒರಟು, ಗಟ್ಟಿ ನೂಲಿನ ಅಂಚನ್ನು ಸೇರಿಸಿ ನೇಯುತ್ತಿದ್ದರು, ಅನೇಕ ಸಲ ಬೇರೆ ಬಣ್ಣದಲ್ಲಿ. ಅದಕ್ಕೆ ಲಿಸ್ಟ್ ಎಂದು ಹೆಸರು. ಕೊಕ್ಕೆಯ ಏಟು ತಿನ್ನುವುದೇ ಅದರ ಕೆಲಸ. ಕೋಟು ಹೊಲಿಯುವಾಗ ಅದನ್ನು ಕತ್ತರಿಸಿ ತೆಗೆಯುತ್ತಿದ್ದರು. ಹಾಗೆಂದು ಬಿಸಾಡುತ್ತಿರಲಿಲ್ಲ, ಆ ಪಟ್ಟಿಗಳಿಂದ ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ ಮಾಡುವವರಿದ್ದರು.

ಇನ್ನು ಎಳೆತ. ಮೊದಲು ಬಟ್ಟೆಯ ಒಂದು ತುದಿಯನ್ನು ಕೊನೆಯ ಗೂಟಕ್ಕೆ ಸಿಕ್ಕಿಸಿ, ಮೇಲಂಚನ್ನು ಕೊಕ್ಕೆಗೆ ಹಾಕುತ್ತ ಉದ್ದಕ್ಕೆ ನಡೆದು, ಇನ್ನೊಂದು ತುದಿಯನ್ನು ಎಳೆದು ಕಟ್ಟುತ್ತಾರೆ. ಆಮೇಲೆ ಕೆಳಪಟ್ಟಿಯ ಕೊಕ್ಕೆಗಳಿಗೆ ಕೆಳಗಿನ ಅಂಚು. ಪಟ್ಟಿಯನ್ನು ಕಾಲಿನಿಂದ ಒತ್ತಿ, ಒಂದೊಂದೇ ಗೂಟದ ಹತ್ತಿರ ಸ್ವಲ್ಪ ಸ್ವಲ್ಪ ಇಳಿಸಿ, ಬೆಣೆ ಬಿಗಿಯುತ್ತಾರೆ. ಒಂದೇ ಕಡೆ ಪೂರ್ತಿ ಇಳಿಸಿದರೆ ಬಟ್ಟೆ ಓರೆಯಾಗುತ್ತದೆ, ಹೊಕ್ಕಿನ ಎಳೆಗಳು ಬಿಲ್ಲಿನಂತೆ ಬಾಗುತ್ತವೆ. ಹಾಗಾಗಿ ಮತ್ತೆ ಮತ್ತೆ ಈ ತುದಿಯಿಂದ ಆ ತುದಿಗೆ ಓಡಾಟ. ಅಂಗೈ ಬಟ್ಟೆಯ ಮೇಲೆ ಆಡುತ್ತಲೇ ಇರಬೇಕು. ಎಲ್ಲಿ ಜೋತಿದೆ, ಎಲ್ಲಿ ಬಿಗಿ ಹೆಚ್ಚಾಗಿದೆ, ಎಲ್ಲಿ ಮಿಲ್ಲಿನ ಸುಕ್ಕು ಇನ್ನೂ ಬಿಟ್ಟಿಲ್ಲ ಎಂಬುದನ್ನು ಕೈ ಹೇಳುತ್ತದೆ. ಒಣಗುತ್ತ ಹೋದಂತೆ ಉಣ್ಣೆ ತಾನೇ ಬಿಗಿದುಕೊಳ್ಳುತ್ತದೆ ಎಂಬುದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಫುಲ್ಲರ್ ಕುಗ್ಗಿಸಿ ಗಳಿಸಿಕೊಟ್ಟ ಗಟ್ಟಿತನ ಕಳೆದುಹೋಗಬಾರದು, ಡೊಂಕೂ ಉಳಿಯಬಾರದು. ಎಳೆತದ ಮಿತಿ ಈ ಎರಡರ ನಡುವೆ ಎಲ್ಲೋ ಇರುತ್ತಿತ್ತು. ಅದಕ್ಕೆ ಯಾವ ಮಾಪಕವೂ ಇರಲಿಲ್ಲ.

ಮಾಪಕ ಇಲ್ಲದ ಕಡೆ ಆಸೆ ನುಸುಳುತ್ತದೆ. ಬಟ್ಟೆ ಮಾರುವುದು ಗಜದ ಲೆಕ್ಕದಲ್ಲಿ. ಬೆಣೆಯನ್ನು ಇನ್ನೊಂದಿಷ್ಟು ಬಿಗಿದರೆ, ಹಗ್ಗ ಹಾಕಿ ತುದಿಯನ್ನು ಇನ್ನೊಂದಿಷ್ಟು ಎಳೆದರೆ ತಾನು ಉದ್ದವಾಗುತ್ತದೆ. ಕೊಂಡವನು ಕೋಟು ಹೊಲಿಸಿ ಮೊದಲ ಮಳೆಯಲ್ಲಿ ನೆನೆದಾಗ ತೋಳು ಮೊಣಕೈಗೆ ಬಂದಿರುತ್ತದೆ. ಈ ಮೋಸ ಎಷ್ಟು ಹಬ್ಬಿತೆಂದರೆ ಎಲಿಜಬೆತ್ ರಾಣಿಯ ಕಾಲದಲ್ಲಿ, 1597ರ ಸಂಸತ್ತು ಉತ್ತರದ ಬಟ್ಟೆಗಳನ್ನು ಟೆಂಟರಿನಲ್ಲಿ ಮೋಸದಿಂದ ಹಿಗ್ಗಿಸುವುದರ ವಿರುದ್ಧವೇ ಒಂದು ಕಾನೂನು ತಂದಿತು. ಬಟ್ಟೆಯ ಉದ್ದಗಲ ಅಳೆದು ಸೀಸದ ಮುದ್ರೆ ಒತ್ತಲು ಆಲ್ನೇಜರ್ ಎಂಬ ಅಧಿಕಾರಿಗಳಿದ್ದರು. ಸಂಶಯ ಬಂದರೆ ಅವರ ಪರೀಕ್ಷೆ ಸರಳ. ಬಟ್ಟೆಯನ್ನು ನೀರಿನಲ್ಲಿ ನೆನೆಸುವುದು. ಅತಿಯಾಗಿ ಎಳೆದ ಬಟ್ಟೆ ನೀರು ಕಂಡ ಕೂಡಲೇ ತನ್ನ ನಿಜವಾದ ಅಳತೆಗೆ ಮರಳುತ್ತದೆ. ಅವರು ಒತ್ತಿದ ಸೀಸದ ಮುದ್ರೆಗಳು ಥೇಮ್ಸ್ ನದಿಯ ದಡದ ಕೆಸರಿನಲ್ಲಿ ಇವತ್ತಿಗೂ ಹುಡುಕುವವರಿಗೆ ಸಿಗುತ್ತವೆ.

ಪ್ರಾಮಾಣಿಕನಿಗೂ ನೆಮ್ಮದಿಯೇನೂ ಇರಲಿಲ್ಲ. ಟೆಂಟರ್ ಇರುವುದು ಬಯಲಿನಲ್ಲಿ, ಬಿಸಿಲು ಗಾಳಿ ಚೆನ್ನಾಗಿ ಬೀಳುವ ಇಳಿಜಾರಿನಲ್ಲಿ. ಪೆನೈನ್ ಬೆಟ್ಟಗಳ ಮಳೆಗೆ ಹೊತ್ತುಗೊತ್ತಿಲ್ಲ. ಅರ್ಧ ಒಣಗಿದ ಬಟ್ಟೆ ಮತ್ತೆ ನೆನೆದರೆ ಇನ್ನೊಂದು ದಿನ, ಇನ್ನೊಂದು ರಾತ್ರಿ. ಶನಿವಾರದ ಸಂತೆ ತಪ್ಪಿದರೆ ಮುಂದಿನ ವಾರದ ಉಣ್ಣೆಗೆ ಕಾಸಿಲ್ಲ. ಅದಕ್ಕಿಂತ ದೊಡ್ಡ ಭಯ ಕಳ್ಳರದು. ಒಂದು ಸಂಸಾರದ ಅಷ್ಟೂ ದುಡಿಮೆ ಕತ್ತಲಲ್ಲಿ, ಕಾವಲಿಲ್ಲದೆ, ಬೇಲಿಯ ಮೇಲೆ ನೇತಾಡುತ್ತಿರುತ್ತದೆ. ಹ್ಯಾಲಿಫ್ಯಾಕ್ಸಿನಲ್ಲಿ ಇದಕ್ಕೆ ಎಂಥ ಶಿಕ್ಷೆಯಿತ್ತು ಗೊತ್ತೇ? ಹದಿಮೂರೂವರೆ ಪೆನ್ನಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕದ್ದು ಮಾಲಿನ ಸಮೇತ ಸಿಕ್ಕಿಬಿದ್ದರೆ ತಲೆದಂಡ. ಫ್ರಾನ್ಸಿನ ಗಿಲೊಟಿನ್ನಿಗೂ ಮುಂಚೆ ಅದೇ ಮಾದರಿಯ ಯಂತ್ರವೊಂದು ಆ ಊರಿನಲ್ಲಿತ್ತು. ಅದು ಕೊನೆಯ ಸಲ ಇಳಿದದ್ದು 1650ರಲ್ಲಿ, ಇಬ್ಬರ ಮೇಲೆ. ಅವರ ಮೇಲಿದ್ದ ಆರೋಪಗಳಲ್ಲಿ ಟೆಂಟರಿನಿಂದ 16 ಗಜ ಬಟ್ಟೆ ಕದ್ದದ್ದೂ ಒಂದು. ಆ ಯಂತ್ರ ನಿಂತ ಮೇಲೂ ಬಿಗಿ ಸಡಿಲಲಿಲ್ಲ. ಮೊದಲ ಸಲ ತಪ್ಪು ಮಾಡಿದವರು ಗಲ್ಲಿನಿಂದ ಪಾರಾಗಲು ಹಿಂದಿನಿಂದ ಬಂದ ರಿಯಾಯಿತಿಯೊಂದು ಇಂಗ್ಲಿಷ್ ಕಾನೂನಿನಲ್ಲಿತ್ತು. ಟೆಂಟರಿನಿಂದ ಬಟ್ಟೆ ಕದಿಯುವವರಿಗೆ ಅದು ಸಲ್ಲದು ಎಂದು 1670ರಲ್ಲಿ ತೀರ್ಮಾನವಾಯಿತು. ಇಷ್ಟು ಕ್ರೌರ್ಯವನ್ನು ಒಪ್ಪಲು ನನ್ನಿಂದಾಗದು. ಆದರೆ ಆ ಬೇಲಿಯ ಮೇಲಿದ್ದ ಬಟ್ಟೆ ಅವರಿಗೆ ಏನಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಮನಸ್ಸಿನ ಕಾತರಕ್ಕೆ ಟೆಂಟರ್ ಹೋಲಿಕೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಮೊದಮೊದಲು ‘ಟೆಂಟರ್ ಮೇಲೆ’ ಎಂದಷ್ಟೇ ಹೇಳುತ್ತಿದ್ದರು, ಆಮೇಲೆ ಕೊಕ್ಕೆಯೂ ಸೇರಿತು. ಟೊಬಿಯಸ್ ಸ್ಮಾಲೆಟ್ 1748ರಲ್ಲಿ ಪ್ರಕಟಿಸಿದ ‘ರಾಡರಿಕ್ ರ್‍ಯಾಂಡಮ್’ ಕಾದಂಬರಿಯಲ್ಲಿ ಅದು ಇವತ್ತಿನ ಅರ್ಥದಲ್ಲೇ, ಏನಾಗುವುದೋ ಎಂದು ಕಾಯುವವನ ತಳಮಳಕ್ಕೆ ಬಂದಿದೆ. ಸ್ಮಾಲೆಟ್‌ನ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಊರ ಹೊರಗೆ ಹೋದರೆ ಸಾಕು, ಟೆಂಟರ್ ಕಣ್ಣೆದುರು. ನಿಘಂಟುಗಳು ಇದನ್ನು ವಿವರಿಸುವಾಗ ಎಳೆತದ ನೋವನ್ನೇ ಮುಂದೆ ಮಾಡುತ್ತವೆ. ನನಗನಿಸುವಂತೆ ಕಾಯುವಿಕೆಯೂ ಅಷ್ಟೇ ಮುಖ್ಯ. ಕೊಕ್ಕೆಗೆ ಹಾಕಿದ ಮೇಲೆ ಮನುಷ್ಯನ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಮೋಡ ನೋಡುವುದು, ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುವುದು. ಬಟ್ಟೆಯ ಜೊತೆಗೆ ಮನೆಯ ಯಜಮಾನನೂ ಕೊಕ್ಕೆಯ ಮೇಲೆ ಇರುತ್ತಿದ್ದ.

ಡೇನಿಯಲ್ ಡಿಫೋ 1720ರ ದಶಕದಲ್ಲಿ ಪ್ರಕಟಿಸಿದ ತನ್ನ ಬ್ರಿಟನ್ ಪ್ರವಾಸದ ಪುಸ್ತಕದಲ್ಲಿ ಹ್ಯಾಲಿಫ್ಯಾಕ್ಸಿನ ಗುಡ್ಡಗಳನ್ನು ಬಣ್ಣಿಸಿದ್ದಾನೆ. ಹೆಚ್ಚು ಕಡಿಮೆ ಪ್ರತಿ ಮನೆಗೂ ಒಂದು ಟೆಂಟರ್, ಪ್ರತಿ ಟೆಂಟರಿನ ಮೇಲೂ ಬಟ್ಟೆ, ಬಿಸಿಲು ಬಿದ್ದಾಗ ಇಡೀ ಇಳಿಜಾರೇ ಬಿಳಿಯಾಗಿ ಹೊಳೆಯುವುದು ಅವನಿಗೆ ಬಹಳ ಹಿಡಿಸಿತ್ತು. ದಕ್ಷಿಣದ ಸ್ಟ್ರೌಡ್ ಕಣಿವೆಯ ಟೆಂಟರುಗಳ ಮೇಲೆ ಒಣಗುತ್ತಿದ್ದದ್ದು ಸೈನಿಕರ ಸಮವಸ್ತ್ರದ ಕಡುಗೆಂಪು ಬಟ್ಟೆ. ಇಂಗ್ಲೆಂಡಿನ ಈ ಬ್ರಾಡ್‌ಕ್ಲಾತನ್ನು ಈಸ್ಟ್ ಇಂಡಿಯಾ ಕಂಪನಿ ಹಡಗು ತುಂಬಿಸಿ ನಮ್ಮ ದೇಶಕ್ಕೂ ತರುತ್ತಿತ್ತು. ನಮ್ಮ ಸೆಕೆಗೆ ಅದು ಸುಲಭವಾಗಿ ಮಾರಾಟವಾಗುವ ಮಾಲಲ್ಲ. ಆದರೂ ಹೊದಿಕೆಗೆ, ಪಲ್ಲಕ್ಕಿಗೆ, ಆನೆಯ ಜೂಲಿಗೆ, ಸಿಪಾಯಿಗಳ ಕೆಂಪು ಕೋಟಿಗೆ ಬಳಕೆಯಾಯಿತು. ಹಳೆಯ ಕನ್ನಡ ಬರಹಗಳಲ್ಲಿ ಸಕಲಾತಿ ಎಂದು ಕಾಣುವ ಬಟ್ಟೆ ಈ ಜಾತಿಯದೇ.

ಟೆಂಟರಿನಿಂದ ಇಳಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಟೀಸಲ್ ಎಂಬ ಗಿಡದ ಒಣಗಿದ ಮುಳ್ಳುಕಾಯಿಗಳನ್ನು ಚೌಕಟ್ಟಿಗೆ ಕಟ್ಟಿ, ಅದರಿಂದ ಬಟ್ಟೆಯನ್ನು ಬಾಚಿ ನವಿರು ಎಬ್ಬಿಸಬೇಕು. ಮಾರುದ್ದದ ಭಾರಿ ಕತ್ತರಿಯಿಂದ ಆ ನವಿರನ್ನು ಸಮನಾಗಿ ಕತ್ತರಿಸಬೇಕು. ಆ ಕತ್ತರಿಯವರ ಅನ್ನ ಕಿತ್ತುಕೊಳ್ಳಲು ಯಂತ್ರ ಬಂದಾಗ 1812ರಲ್ಲಿ ಯಾರ್ಕ್‌ಷೈರಿನ ಲಡ್ಡೈಟರೆಂಬ ಕೆಲಸಗಾರರು ಸುತ್ತಿಗೆ ಹಿಡಿದು ಎದ್ದದ್ದು ಇನ್ನೊಂದು ದೊಡ್ಡ ಕಥೆ. ಅದನ್ನು ಇಲ್ಲಿ ಹೇಳಿ ಮುಗಿಸಲಾಗದು.

ಕಾರ್ಖಾನೆಗಳು ಬಂದ ಮೇಲೆ ಬಿಸಿಗಾಳಿಯ ಒಣಗುಮನೆಗಳು ಎದ್ದವು, ಗುಡ್ಡದ ಟೆಂಟರುಗಳು ಒಂದೊಂದಾಗಿ ಕೊಳೆತು ಬಿದ್ದವು. ಹ್ಯಾಲಿಫ್ಯಾಕ್ಸಿನ ನೇಕಾರರು ಬಟ್ಟೆಯ ತಾನುಗಳನ್ನು ಮಾರುತ್ತಿದ್ದ ಪೀಸ್ ಹಾಲ್ ಮಾತ್ರ ಗಟ್ಟಿಯಾಗಿ ನಿಂತಿದೆ. 1779ರ ಜನವರಿ 1ರಂದು ತೆರೆದ, 315 ಕೋಣೆಗಳ ಆ ಕಲ್ಲಿನ ಚೌಕವನ್ನು ದುರಸ್ತಿ ಮಾಡಿ 2017ರಲ್ಲಿ ಮತ್ತೆ ಜನರಿಗೆ ಬಿಟ್ಟುಕೊಟ್ಟರು. ಹೆಸರುಗಳೂ ಉಳಿದಿವೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಟೆಂಟರ್ ಗ್ರೌಂಡ್ ಎಂಬ ಬೀದಿ, ಲಿಂಕನ್ ನಗರದಲ್ಲಿ ಟೆಂಟರ್‌ಕ್ರಾಫ್ಟ್ ಬೀದಿ. ಕೆಂಟ್‌ನ ಟೆಂಟರ್‌ಡನ್ ಊರನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ, ಅದು ತಪ್ಪು. ಆ ಹೆಸರು ಥ್ಯಾನೆಟ್ ಸೀಮೆಯವರು ಹಂದಿ ಮೇಯಿಸುತ್ತಿದ್ದ ಕಾಡಿನಿಂದ ಬಂದದ್ದು. ನಿಜವಾದ ಟೆಂಟರನ್ನೇ ನೋಡಬೇಕೆನ್ನುವವರು ಸ್ಕಾಟ್ಲೆಂಡಿನ ಗಡಿಯ ಹತ್ತಿರದ ಆಟರ್‌ಬರ್ನ್ ಮಿಲ್ಲಿಗೆ ಹೋಗಬಹುದು. ಅಲ್ಲಿನ ಹುಲ್ಲಿನ ಮೇಲೆ ಹಳೆಯ ಚೌಕಟ್ಟುಗಳನ್ನು ಕೊಕ್ಕೆ ಸಮೇತ ಕಾಪಾಡಿದ್ದಾರೆ.

ಕಸುಬು ಮಾತ್ರ ಸತ್ತಿಲ್ಲ, ಬಯಲಿನಿಂದ ಸೂರಿನಡಿಗೆ ಬಂದಿದೆ. ಬಟ್ಟೆಗೆ ಬಣ್ಣ ಹಾಕಿ ಸಂಸ್ಕರಿಸುವ ನಮ್ಮ ಯಾವುದೇ ದೊಡ್ಡ ಕಾರ್ಖಾನೆಯಲ್ಲಿ ‘ಸ್ಟೆಂಟರ್ ಎಲ್ಲಿದೆ’ ಎಂದು ಕೇಳಿದರೆ ಕೆಲಸಗಾರರು ಬೆರಳು ತೋರಿಸುತ್ತಾರೆ. ಟೆಂಟರಿನ ನೇರ ವಾರಸುದಾರ ಅದು. ಎರಡು ಬದಿಗೂ ಓಡುವ ಸರಪಳಿ, ಸರಪಳಿಯ ಮೇಲೆ ಸಾಲು ಸೂಜಿಗಳು, ಇಲ್ಲವೇ ಚಿಮ್ಮಟದಂಥ ಕ್ಲಿಪ್ಪುಗಳು. ಒದ್ದೆ ಬಟ್ಟೆಯ ಎರಡೂ ಅಂಚನ್ನು ಅವು ಹಿಡಿದು ಬಿಸಿಗಾಳಿಯ ಕೋಣೆಗಳ ಮೂಲಕ ಒಯ್ಯುತ್ತವೆ. ಎರಡು ಸರಪಳಿಗಳ ನಡುವಿನ ಅಂತರವೇ ಬಟ್ಟೆಯ ಅಗಲ. ಹಳೆಯ ಪ್ರಶ್ನೆಯೂ ಹಾಗೇ ಇದೆ: ಎಷ್ಟು ಎಳೆಯಬೇಕು? ಹೆಚ್ಚು ಎಳೆದರೆ ಮೊದಲ ಒಗೆತದಲ್ಲೇ ಅಂಗಿ ಕುಗ್ಗುತ್ತದೆ. ಅದಕ್ಕೆ ಇವರು ಕಂಡುಕೊಂಡ ಉಪಾಯವೆಂದರೆ ಸರಪಳಿಯ ವೇಗಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಬಟ್ಟೆಯನ್ನು ಒಳಗೆ ಬಿಡುವುದು. ಅಗಲದಲ್ಲಿ ಬಿಗಿ, ಉದ್ದದಲ್ಲಿ ಸಡಿಲ, ಕುಗ್ಗುವುದೆಲ್ಲ ಅಲ್ಲೇ ಕುಗ್ಗಿಬಿಡಲಿ ಎಂದು. ಇದನ್ನು ಓವರ್‌ಫೀಡ್ ಎನ್ನುತ್ತಾರೆ. ಒಂದೊಂದು ಬಗೆಯ ಬಟ್ಟೆಗೆ ಎಷ್ಟು ಬಿಡಬೇಕೆಂದು ಗುಂಡಿ ತಿರುವಿ ಹೊಂದಿಸುವ ಆಪರೇಟರನ ಕೆಲಸಕ್ಕೂ ಬೆಣೆ ಬಡಿಯುತ್ತಿದ್ದವನ ಕೆಲಸಕ್ಕೂ ನಾನು ಹೆಚ್ಚು ಅಂತರ ಕಾಣೆ. ಮುಂದಿನ ಸಲ ಪ್ಯಾಂಟಿಗೋ ರವಿಕೆಗೋ ಅಂಗಡಿಯಲ್ಲಿ ಬಟ್ಟೆ ಹರಿಸುವಾಗ ತಾನಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಯ ಸ್ಟೆಂಟರಿನಲ್ಲಿ ಒಣಗಿದ್ದರೆ ಉದ್ದಕ್ಕೂ ಸಣ್ಣ ತೂತುಗಳ ಸಾಲು ಕಾಣಿಸುತ್ತದೆ, ಒಂದೇ ಅಂತರದಲ್ಲಿ, ಎರಡೂ ಕಡೆ.